ಬೆಳ್ಳಗಾಗುವವರೆಗೂ ತಿರುಗಿಸಬೇಕು

ಜಪಾನಿನ ಶಿನ್-ಯೊಕೊಹಾಮಾ ಸ್ಟೇಷನ್ ಹತ್ತಿರ ಒಂದು ರಾಮೆನ್ ಮ್ಯೂಸಿಯಂ ಇದೆ. ರಾಮೆನ್ ಅಂದರೆ ಬಿಸಿ ಸಾರಿನಲ್ಲಿ ಕೊಡುವ ನೂಡಲ್ಸ್. 1994ರಲ್ಲಿ ಶುರುವಾದದ್ದು. ಮೆಟ್ಟಿಲಿಳಿದು ನೆಲಮಾಳಿಗೆಗೆ ಹೋದರೆ 1958ರ ಪೇಟೆಬೀದಿ! ಚಾವಣಿಗೆ ಮುಸ್ಸಂಜೆಯ ಆಕಾಶ ಬರೆದಿದ್ದಾರೆ. ಹಳೇ ಬೋರ್ಡುಗಳು, ಮಂಕು ದೀಪ, ಮಿಠಾಯಿ ಅಂಗಡಿ. ಇನ್‌ಸ್ಟಂಟ್ ರಾಮೆನ್ ಮಾರಾಟಕ್ಕೆ ಬಂದ ವರ್ಷ ಅದು. ಟೋಕಿಯೋ ಟವರ್ ಎದ್ದು ನಿಂತದ್ದೂ ಆಗಲೇ.

ಹೋದ ತಿಂಗಳು ಪಕ್ಕದ ಮನೆ ಅಜ್ಜಿಯನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. 1958ರಲ್ಲಿ ಅವರಿಗೆ ಹತ್ತು ವರ್ಷ. ರಾಮೆನ್ ಕಡೆ ತಿರುಗಿಯೂ ನೋಡದೆ ನೇರ ಮಿಠಾಯಿ ಅಂಗಡಿಗೆ ನುಗ್ಗಿ ಮಿಜುಅಮೆ ಅನ್ನೋ ಸಿಹಿ ಪಾಕ ತಗೊಂಡರು. ನಮ್ಮ ಜೋನಿಬೆಲ್ಲದಷ್ಟೇ ಅಂಟು, ಬಣ್ಣ ಮಾತ್ರ ಇಲ್ಲ. ಎರಡು ಪುಟ್ಟ ಕಡ್ಡಿಗಳ ನಡುವೆ ಅದನ್ನು ಸುತ್ತಿದರು, ಎಳೆದರು, ಮತ್ತೆ ಸುತ್ತಿದರು. ನೀರಿನಷ್ಟು ತಿಳಿಯಾಗಿದ್ದ ಪಾಕ ನೋಡ್ತಾ ನೋಡ್ತಾ ಹಾಲಿನ ಬಣ್ಣಕ್ಕೆ ಬಂತು.

"ಬೆಳ್ಳಗಾಗೋವರೆಗೂ ಬಾಯಿಗೆ ಹಾಕ್ಬಾರ್ದು" ಅಂದರು.

ಇದನ್ನು ಮಾರುತ್ತಿದ್ದವರು ಕಾಮಿಶಿಬಾಯಿಯವರು. ಕಾಮಿಶಿಬಾಯಿ ಅಂದರೆ ಕಾಗದದ ನಾಟಕ. ಸೈಕಲ್ ನಿಲ್ಲಿಸಿ ಮರದ ತುಂಡುಗಳನ್ನು ಟಕ ಟಕ ಬಡಿದರೆ ಸಾಕು, ಓಣಿಯ ಮಕ್ಕಳೆಲ್ಲ ಹಾಜರು. ಮೊದಲು ಮಿಠಾಯಿ ವ್ಯಾಪಾರ. ಆಮೇಲೆ ಮರದ ಚೌಕಟ್ಟಿನಿಂದ ಒಂದೊಂದೇ ಚಿತ್ರ ಎಳೆಯುತ್ತಾ ಕಥೆ. ರೋಚಕ ಜಾಗಕ್ಕೆ ಬಂದ ಕೂಡಲೇ "ಉಳಿದದ್ದು ನಾಳೆ!" ದುಡ್ಡಿಲ್ಲದ ದಿನ ಅಜ್ಜಿ ಎಲ್ಲರ ಹಿಂದೆ ತುದಿಗಾಲಲ್ಲಿ ನಿಂತು ನೋಡುತ್ತಿದ್ದರಂತೆ.

ಆ ಕಾಲವನ್ನು ಇಲ್ಲಿ ತುಂಬ ಮುದ್ದು ಮಾಡಿ ತೋರಿಸುತ್ತಾರೆ. ಅಜ್ಜಿ ಹಾಗೆ ಮಾಡುವುದಿಲ್ಲ. ಶಾಲೆಯ ಊಟದಲ್ಲಿ ಕೊಡುತ್ತಿದ್ದ ಹಾಲಿನ ಪುಡಿಯ ವಾಸನೆ ನೆನೆದರೆ ಈಗಲೂ ಮುಖ ಹಿಂಡುತ್ತಾರೆ. ನನಗೆ ಅವರ ನೆನಪೇ ಜಾಸ್ತಿ ನಿಜ ಅನ್ನಿಸುತ್ತದೆ.

1953ರಲ್ಲಿ ಟೀವಿ ಬಂತು. ಮನೆಗೆ ಕೊಳ್ಳುವ ಶಕ್ತಿ ಯಾರಿಗಿತ್ತು? ಬೀದಿಯಲ್ಲಿ ಇಟ್ಟ ಟೀವಿ ಮುಂದೆ ಪೈಲ್ವಾನ ರಿಕಿದೋಜಾನ್‌ನ ಕುಸ್ತಿ ನೋಡಲು ಜನಸಾಗರ. ಟೀವಿ, ವಾಷಿಂಗ್ ಮಷಿನ್, ಫ್ರಿಜ್, ಈ ಮೂರನ್ನೂ ಜನ 'ಮೂರು ಪವಿತ್ರ ನಿಧಿ' ಅನ್ನುತ್ತಿದ್ದರು. ರಾಜಮನೆತನದ ಕನ್ನಡಿ, ಕತ್ತಿ, ಮಣಿಗೆ ಇದ್ದ ಹೆಸರದು. 1959ರ ಏಪ್ರಿಲ್‌ನಲ್ಲಿ ಯುವರಾಜರ ಮದುವೆ ನೋಡಬೇಕು ಅಂತಲೇ ಎಷ್ಟೋ ಮನೆಯವರು ಟೀವಿ ಕೊಂಡರು. ಅಜ್ಜಿಯ ಓಣಿಯಲ್ಲೂ ಒಂದು ಮನೆಗೆ ಬಂತು.

ನಮ್ಮ ಬೀದಿಯಲ್ಲೂ ಒಂದೇ ಮನೆಯಲ್ಲಿ ಟೀವಿ ಇತ್ತು, ಭಾನುವಾರದ ಸಿನಿಮಾಕ್ಕೆ ಎಲ್ಲರೂ ಅಲ್ಲೇ ಕೂರುತ್ತಿದ್ದೆವು ಅಂದೆ. ಅಜ್ಜಿಯ ಕಣ್ಣು ಅರಳಿತು. "ವಾಪಸ್ ಬರೋವಾಗ ಚಪ್ಪಲಿ ಅದಲುಬದಲು ಆಗ್ತಿತ್ತಾ?"

ಆಗದೇ ಇರುತ್ತಾ!

ಟೀವಿಗೆ ಆಗ ಡೆಂಕಿ ಕಾಮಿಶಿಬಾಯಿ, ಅಂದರೆ ಕರೆಂಟಿನ ಕಾಗದದ ನಾಟಕ, ಅಂತಲೂ ಕರೆಯುತ್ತಿದ್ದರು. ಅಜ್ಜಿ ಕಡ್ಡಿ ತಿರುಗಿಸುತ್ತಲೇ ಇದ್ದರು. "ಹೊರಗೆ ಟಕ ಟಕ ಕೇಳಿಸ್ತಿತ್ತು. ನಾವು ಟೀವಿ ಬಿಟ್ಟು ಏಳಲಿಲ್ಲ. ಅವರು ಬರೋದು ಯಾವತ್ತು ನಿಂತು ಹೋಯ್ತು ಅಂತ ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ" ಅಂದರು.

ಆಮೇಲೆ ಬೆಳ್ಳಗಾದ ಪಾಕದ ಒಂದು ಕಡ್ಡಿಯನ್ನು ನನ್ನ ಕೈಗಿಟ್ಟರು.