ಗೂಡಿನ ಮಾರುಕಟ್ಟೆಯಿಂದ

ಬೆಳಿಗ್ಗೆ ಅಪ್ಪನ ಜೊತೆ ಶಿಡ್ಲಘಟ್ಟದ ರೇಷ್ಮೆ ಗೂಡಿನ ಮಾರುಕಟ್ಟೆಗೆ ಹೋಗಿದ್ದೆ. ಹರಾಜಿಗೆ ಮುಂಚೆ ಅಪ್ಪ ಈಗಲೂ ಕೇಳೋದು ಒಂದೇ: "ಚೀನಾ ರೇಷ್ಮೆ ಬಂತೇನೋ?"

2011ರ ಕೇಂದ್ರ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕ ಶೇ 30ರಿಂದ 5ಕ್ಕೆ ಇಳಿದು, ಅಗ್ಗದ ಚೀನಾ ರೇಷ್ಮೆ ಬಂದು ಗೂಡಿನ ಬೆಲೆ ನೆಲಕಚ್ಚಿದ್ದು ಇನ್ನೂ ಮರೆತಿಲ್ಲ. 2013ರಲ್ಲಿ ಶೇ 15ಕ್ಕೆ ಏರಿಸಿದರು. ಅಷ್ಟರಲ್ಲಿ ನಮ್ಮ ಪಕ್ಕದ ಹೊಲದವರು ಹಿಪ್ಪುನೇರಳೆ ಗಿಡವನ್ನೇ ಕಿತ್ತುಹಾಕಿ ಆಗಿತ್ತು. ನಾಲ್ಕು ಜ್ವರ (ಹುಳ ಪೊರೆ ಕಳಚುವ ಹಂತ) ದಾಟಿಸಿ, ನಿದ್ದೆಗೆಟ್ಟು ಸೊಪ್ಪು ಹಾಕಿ, ಗೂಡು ಕಟ್ಟುವಷ್ಟು ಹುಳ ಹಣ್ಣು ಮಾಡುವವರನ್ನು ಸುಂಕ ಇಳಿಸುವ ಮುಂಚೆ ಒಂದು ಮಾತು ಕೇಳಬಾರದಿತ್ತೇ? ಆ ಸೊಪ್ಪೂ ಸಾವಿರ ಅಡಿ ಕೊರೆಸಿದ ಬೋರ್‌ವೆಲ್ ನೀರಿನದು.

ಬರುವಾಗ ಗೂಡಿನಿಂದ ನೂಲು ಬಿಚ್ಚುವ ಅಕ್ಕನೊಬ್ಬರನ್ನು ಮಾತಾಡಿಸಿದೆ. ದಿನವೆಲ್ಲ ಬಿಸಿನೀರಲ್ಲಿ ಕೈ. ಬೆರಳೆಲ್ಲ ಬಿಳಿಚಿ ಸುಕ್ಕಾಗಿದ್ದವು. ಗೂಡಿನ ದರ ಬಿದ್ದ ವರ್ಷ ಅವರಿಗೆ ಕೂಲಿಯೂ ಇರಲಿಲ್ಲವಂತೆ.