ತಾತನಿಗೆ ಮೊಮ್ಮಗ ಬರೆಸಿದ ಕಲ್ಲು

ಕಿಲ್ಕ್‌ಹ್ಯಾಂಪ್ಟನ್‌ಗೆ ಹೋಗಲೇಬೇಕೆಂದು ನನಗೆ ಅನ್ನಿಸಿದ್ದು ಅಲ್ಲಿಂದ ಬಹು ದೂರದಲ್ಲಿ, ಇಂಗ್ಲೆಂಡಿನ ಬಾತ್ ನಗರದ ಹೊರಗಿನ ಲ್ಯಾನ್ಸ್‌ಡೌನ್ ಗುಡ್ಡದ ಮೇಲೆ. ಕಾಲುದಾರಿಯ ಪಕ್ಕದಲ್ಲಿ 1720ರಲ್ಲಿ ಎಬ್ಬಿಸಿದ ಒಂದು ಕಲ್ಲಿನ ಸ್ಮಾರಕವಿದೆ. ದೊರೆ ಮೊದಲನೇ ಚಾರ್ಲ್ಸ್‌ಗೂ ಪಾರ್ಲಿಮೆಂಟಿಗೂ ನಡೆದ ಅಂತರ್ಯುದ್ಧದಲ್ಲಿ, 1643ರ ಜುಲೈ 5ರಂದು, ದೊರೆಯ ಪಕ್ಷದ ಸೇನಾನಿ ಸರ್ ಬೆವಿಲ್ ಗ್ರೆನ್‌ವಿಲ್ ಈ ಗುಡ್ಡದ ಮೇಲೆ ಉರುಳಿದ.

ಆ ಏರು ಎಷ್ಟು ಕಡಿದು ಎಂಬುದು ನಡೆದವರಿಗೇ ಗೊತ್ತು. ಮೇಲೆ ಕಲ್ಲುಮಣ್ಣಿನ ಮರೆ ಕಟ್ಟಿಕೊಂಡು ಕಾದಿದ್ದದ್ದು ವಿಲಿಯಂ ವಾಲರ್‌ನ ಪಾರ್ಲಿಮೆಂಟ್ ಸೈನ್ಯ. ಕೆಳಗಿನಿಂದ ಹತ್ತಿದ್ದು ರಾಲ್ಫ್ ಹಾಪ್ಟನ್‌ನ ಪಡೆ. ಇಬ್ಬರೂ ಹಳೆಯ ಗೆಳೆಯರು. ಮೂರು ವಾರಗಳ ಹಿಂದಷ್ಟೇ ವಾಲರ್ ಹಾಪ್ಟನ್‌ಗೆ ಪತ್ರ ಬರೆದು, ಇದು ವೈರಿಯಿಲ್ಲದ ಯುದ್ಧ, ಇದನ್ನು ನಾನು ಎಷ್ಟು ಹೇಸುತ್ತೇನೆಂದು ದೇವರಿಗೆ ಗೊತ್ತು ಎಂದಿದ್ದ. ಬೆವಿಲ್ ಕಾರ್ನ್‌ವಾಲ್‌ನ ಈಟಿಪಡೆಯ ಮುಂದೆ ನಿಂತು ಗುಡ್ಡದ ನೆತ್ತಿ ಮುಟ್ಟಿದ. ಅಲ್ಲಿ ಉದ್ದ ಹಿಡಿಯ ಕೊಡಲಿಯ ಏಟು ತಗಲಿ ಬಿದ್ದ. ಆ ರಾತ್ರಿ ವಾಲರ್‌ನ ಪಡೆ ಗೋಡೆಯ ಮೇಲೆ ಬಂದೂಕಿನ ಬತ್ತಿಗಳನ್ನು ಉರಿಯಲು ಬಿಟ್ಟು, ಸೈನ್ಯ ಇನ್ನೂ ಇದೆಯೆಂದು ತೋರಿಸಿ, ಕತ್ತಲಲ್ಲಿ ಸದ್ದಿಲ್ಲದೆ ಹಿಂದೆ ಸರಿಯಿತು. ಗುಡ್ಡ ರಾಜಪಕ್ಷಕ್ಕೆ ದಕ್ಕಿತು, ಬೆವಿಲ್ ದಕ್ಕಲಿಲ್ಲ. ಅವನ ದೇಹ ಅವನ ಊರಾದ ಕಿಲ್ಕ್‌ಹ್ಯಾಂಪ್ಟನ್‌ಗೆ ಬಂದು ಮಣ್ಣಾದದ್ದು ಜುಲೈ 26ರಂದು. ಇಪ್ಪತ್ತೊಂದು ದಿನ! ಅಷ್ಟು ದೂರ ಹೊತ್ತು ತಂದ ಊರು ಹೇಗಿರಬಹುದು ಎಂಬ ಕುತೂಹಲವೇ ನನ್ನನ್ನು ಹೊರಡಿಸಿತು.

ಎಕ್ಸೆಟರ್‌ವರೆಗೆ ರೈಲು, ಅಲ್ಲಿಂದ ಬ್ಯೂಡ್‌ಗೆ ಬಸ್, ಮರುದಿನ ಇನ್ನೊಂದು ಬಸ್. ಕಿಲ್ಕ್‌ಹ್ಯಾಂಪ್ಟನ್ ಕಾರ್ನ್‌ವಾಲ್‌ನ ಉತ್ತರದ ತುದಿಯಲ್ಲಿ, ಹೆದ್ದಾರಿಯ ಮೇಲೆಯೇ ಇರುವ ಚಿಕ್ಕ ಊರು. ಬಸ್ ಇಳಿದರೆ ಸಂತ ಜೇಮ್ಸ್ ಚರ್ಚಿನ ಗೋಪುರವೇ ದಾರಿ ತೋರಿಸುತ್ತದೆ.

ದಕ್ಷಿಣದ ಬಾಗಿಲಲ್ಲೇ ನನ್ನ ಕಾಲು ನಿಂತಿತು. ನಾರ್ಮನ್ನರ ಕಾಲದ ಕಮಾನು: ಒಂದರೊಳಗೊಂದು ಸುತ್ತು, ಗರಗಸದ ಹಲ್ಲಿನಂಥ ಗೆರೆಗಳು, ಕೊಕ್ಕು ಚಾಚಿದ ತಲೆಗಳು. ಸವೆದಿದ್ದರೂ ಉಳಿಯ ಕಚ್ಚು ಕಾಣುತ್ತದೆ. ಒಳಗೆ ಗ್ರಾನೈಟ್ ಕಂಬಗಳ ಸಾಲು, ಕಪ್ಪಾದ ಮರದ ಪೀಠಗಳು. ಪ್ರತಿ ಪೀಠದ ತುದಿಹಲಗೆಯಲ್ಲೂ ಕೆತ್ತನೆ. ಅವನ್ನೇ ನೋಡುತ್ತಾ ಅರ್ಧ ಗಂಟೆ ಕಳೆದೆ.

ಗ್ರೆನ್‌ವಿಲ್ ಮನೆತನದ ಮೂಲೆಯಲ್ಲಿ ಬೆವಿಲ್‌ನ ಸ್ಮಾರಕವಿದೆ. 1714ರಲ್ಲಿ ಇದನ್ನು ಮಾಡಿಸಿದವನು ಮೊಮ್ಮಗ ಜಾರ್ಜ್, ಲಾರ್ಡ್ ಲ್ಯಾನ್ಸ್‌ಡೌನ್. ತಾತ ಸತ್ತ ಎಷ್ಟೋ ವರ್ಷಗಳ ಮೇಲೆ ಹುಟ್ಟಿದವನು. ತಾತ ಬಿದ್ದ ಗುಡ್ಡದ ಹೆಸರನ್ನೇ ಬಿರುದಾಗಿ ಪಡೆದವನು. ಬರಹವನ್ನು ನಿಧಾನವಾಗಿ, ಎರಡು ಸಲ ಓದಿದೆ. ಮೊದಲು ಬಿರುದುಗಳು. ಆಮೇಲೆ ವಂಶಾವಳಿ, ನಾರ್ಮಂಡಿಯ ಮೊದಲ ಡ್ಯೂಕ್ ರೋಲೋನವರೆಗೆ. ಬೆವಿಲ್ ಪಶ್ಚಿಮದಲ್ಲಿ ‘ಬಂಡುಕೋರರನ್ನು’ ಗೆದ್ದವನು. ಕೊನೆಗೆ ಇತಿಹಾಸಕಾರ ಕ್ಲಾರೆಂಡನ್‌ನ ಮಾತು: ಇಷ್ಟು ಬೆಳಗುವ ಧೈರ್ಯವೂ ಇಷ್ಟು ಮೃದುವಾದ ಸ್ವಭಾವವೂ ಹಿಂದೆಂದೂ ಒಟ್ಟಿಗೆ ಕೂಡಿರಲಿಲ್ಲ.

ಆ ‘ಬಂಡುಕೋರರು’ ಎಂಬ ಪದದ ಮುಂದೆ ನಾನು ಬಹಳ ಹೊತ್ತು ನಿಂತೆ. ಪಾರ್ಲಿಮೆಂಟಿನ ಹಕ್ಕಿಗಾಗಿ ದೊರೆಯನ್ನು ಎದುರು ಹಾಕಿಕೊಂಡು, 1632ರಲ್ಲಿ ಲಂಡನ್ ಟವರ್‌ನ ಸೆರೆಯಲ್ಲೇ ಪ್ರಾಣಬಿಟ್ಟ ಸರ್ ಜಾನ್ ಎಲಿಯಟ್ ಇದೇ ಬೆವಿಲ್‌ನ ಜೀವದ ಗೆಳೆಯ. ಪಾರ್ಲಿಮೆಂಟಿನಲ್ಲಿ ಬೆವಿಲ್ ಅವನ ಬೆನ್ನಿಗೆ ನಿಂತವನು. ಅಂಥವನು 1639ರಲ್ಲಿ ಸ್ಕಾಟ್ಲೆಂಡಿನ ಯುದ್ಧಕ್ಕೆ ಹೊರಟಾಗ ಸ್ನೇಹಿತನೊಬ್ಬನಿಗೆ ಬರೆದ: ದೊರೆಯ ಬಾವುಟ ರಣದಲ್ಲಿ ಹಾರುತ್ತಿರುವಾಗ ನನಗೆ ಮನೆಯೊಳಗೆ ಇರಲಾಗದು, ಪ್ರಾಮಾಣಿಕ ಹೆಸರು, ಇಲ್ಲವೇ ಗೌರವದ ಗೋರಿ, ಎರಡರಲ್ಲೊಂದು ನನಗೆ ಬೇಕು. ನಮ್ಮ ಹಳಗನ್ನಡದಲ್ಲಿ ಜೋಳದ ಪಾಳಿ ಎಂಬ ಮಾತಿದೆ, ಉಂಡ ಅನ್ನದ ಋಣ. ಬೆವಿಲ್‌ನನ್ನು ಎಳೆದದ್ದು ಅದಕ್ಕೆ ತೀರ ಹತ್ತಿರದ್ದು ಎಂದೇ ನನಗೆ ತೋರುತ್ತದೆ. ಆದರೆ ಗೆಳೆಯನನ್ನು ಕಳೆದುಕೊಂಡು, ಆ ಸಾವಿಗೆ ಕಾರಣನಾದ ದೊರೆಗಾಗಿಯೇ ಸಾಯಹೊರಟವನ ಎದೆಯ ತೊಳಲಾಟ ಈ ಕಲ್ಲಿನ ಮೇಲೆ ಒಂದಕ್ಷರವೂ ಇಲ್ಲ. ಕಲ್ಲು ಬರೆಸಿದ ಮರುವರ್ಷವೇ ಮೊಮ್ಮಗನಿಗೂ ಅದೇ ಟವರ್‌ನಲ್ಲಿ ಸೆರೆವಾಸ ಕಾದಿತ್ತು. ಹೊಸ ರಾಜವಂಶದ ವಿರುದ್ಧ ಸಂಚು ಹೂಡಿದ್ದಾನೆಂಬ ಶಂಕೆಯಲ್ಲಿ ಅವನನ್ನು ಹಿಡಿದರು. ಆಗ ಎಲಿಯಟ್ ನೆನಪಾಗಿದ್ದನೇ?

ಹೆಂಡತಿ ಗ್ರೇಸ್‌ಗೆ ಕಲ್ಲಿನಲ್ಲಿ ಸಿಕ್ಕಿರುವುದು ಸದ್ಗುಣಿ ಎಂಬ ವಿಶೇಷಣ ಮತ್ತು ಅವಳ ತಂದೆಯ ಹೆಸರು. ನನಗೆ ಇದೇ ಹೆಚ್ಚು ನೋವಾಯಿತು, ಏಕೆಂದರೆ ಈ ದಂಪತಿ ಒಬ್ಬರಿಗೊಬ್ಬರು ಬರೆದ ಪತ್ರಗಳು ಉಳಿದಿವೆ. 1643ರ ಜನವರಿ 19ರಂದು ಕಾರ್ನ್‌ವಾಲ್‌ನ ಬ್ರಾಡಕ್ ಡೌನ್‌ನಲ್ಲಿ ಗೆದ್ದ ದಿನವೇ ಬೆವಿಲ್ ‘ನನ್ನ ಪ್ರೀತಿಯವಳೇ’ ಎಂದು ಶುರುಮಾಡಿ ಅವಳಿಗೆ ಬರೆದ. ಒಂದು ಗುಡ್ಡ ಇಳಿದು ಇನ್ನೊಂದು ಗುಡ್ಡ ಹತ್ತುವಾಗ ಜನ ಎಷ್ಟು ಧೈರ್ಯದಿಂದ ಹಿಂದೆ ಬಂದರೆಂದು ಹೇಳಿ, ಕೊನೆಗೆ ಒಂದು ಮಾತು ಸೇರಿಸಿದ: ಓಲೆ ತಂದವನಿಗೆ ಕೂಲಿ ಕೊಟ್ಟಾಗಿದೆ, ಆದರೂ ಇನ್ನೊಂದು ಶಿಲ್ಲಿಂಗ್ ಕೊಡು.

ಕ್ಲಾರೆಂಡನ್‌ನ ಇಡೀ ಹೊಗಳಿಕೆಗಿಂತ ಈ ಒಂದು ಶಿಲ್ಲಿಂಗ್ ನನ್ನ ಮಟ್ಟಿಗೆ ತೂಕದ್ದು. ಕಲ್ಲಿನ ಮೇಲೆ ಜಾಗವಿರಲಿಲ್ಲವೆನ್ನಲಾಗದು. ರೋಲೋ ಡ್ಯೂಕನಿಗೆ ಜಾಗವಿತ್ತಲ್ಲ!

ಚರ್ಚಿನಿಂದ ಹೊರಟು ಸಮುದ್ರದ ಕಡೆಗೆ, ಎತ್ತರದ ಬೇಲಿಗಳ ನಡುವಿನ ಕಿರಿದಾದ ದಾರಿಯಲ್ಲಿ ಸ್ಟೋವ್‌ಗೆ ನಡೆದೆ. ಅವರ ಮನೆ ಇದ್ದದ್ದು ಅಲ್ಲಿ. ಮಗ ಜಾನ್ ಮುಂದೆ ಬಾತ್‌ನ ಅರ್ಲ್ ಆಗಿ ಅಲ್ಲೊಂದು ಭವ್ಯ ಸೌಧ ಕಟ್ಟಿಸಿದ. 1739ರಲ್ಲಿ ಅದನ್ನೂ ಕೆಡವಿದರು. ಈಗ ಹುಲ್ಲುಗಾವಲು, ಒಂದು ಹಳೆಯ ತೋಟದ ಮನೆ, ದೂರದ ಬಂಡೆಯಂಚಿನಲ್ಲಿ ಬಿಳಿಯ ಉಪಗ್ರಹ ತಟ್ಟೆಗಳು. ಕಡಲ ಗಾಳಿ ಬೇಲಿಗಳನ್ನೆಲ್ಲ ಒಂದೇ ಕಡೆಗೆ ಬಾಗಿಸಿದೆ. ಗ್ರೇಸ್ ಗಂಡನ ನಂತರ ನಾಲ್ಕು ವರ್ಷ ಬದುಕಿದ್ದಳು, 1647ರವರೆಗೆ. ನಾನು ಬೇಲಿಯ ಮರೆಯಲ್ಲಿ ನಿಂತು ಬಂದ ದಾರಿಯನ್ನು ತಿರುಗಿ ನೋಡಿದೆ. ಜನವರಿಯ ಆ ಚಳಿಯಲ್ಲಿ ಬ್ರಾಡಕ್ ಡೌನ್ ಕಡೆಯಿಂದ ಓಲೆ ಹೊತ್ತು ಬಂದವನು ಈ ಗುಡ್ಡವನ್ನೇ ಹತ್ತಿರಬೇಕು, ಇನ್ನೊಂದು ಶಿಲ್ಲಿಂಗ್ ಕಾದಿದೆಯೆಂದು ತಿಳಿಯದೆ.