ಮೊದಲ ಹೆಡ್‌ಫೋನ್ ಆಂಪ್ ಯಾವುದು ತಗೊಳ್ಳಲಿ? ಮೊದಲು ನಿಮ್ಮ ಹೆಡ್‌ಫೋನ್ ಯಾವುದು ಹೇಳಿ

"ಹತ್ತು ಸಾವಿರ ಎತ್ತಿಟ್ಟಿದ್ದೀನಿ. ಮೇಜಿನ ಮೇಲೆ ಇಡೋ ಥರದ್ದು ಒಂದು ಹೆಡ್‌ಫೋನ್ ಆಂಪ್ ಬೇಕು. ಮೊದಲನೇದು. ಯಾವುದು ತಗೊಳ್ಳಲಿ?"

ತುಮಕೂರಿನಲ್ಲಿ ನನ್ನ ಹಾಡಿನ ಹುಚ್ಚು ಗೊತ್ತಿರುವವರೆಲ್ಲ ಒಂದಲ್ಲ ಒಂದು ದಿನ ಇದನ್ನು ಕೇಳುತ್ತಾರೆ. ಆಂಪ್ ಅಂದರೆ ಆಂಪ್ಲಿಫೈಯರ್, ಹೆಡ್‌ಫೋನಿಗೆ ತಾಕತ್ತು ಕೊಡುವ ಡಬ್ಬಿ. ಹಾಸ್ಟೆಲಿನ ಇಂಜಿನಿಯರಿಂಗ್ ಹುಡುಗರು ಕೇಳುತ್ತಾರೆ. ದಿನಾ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಬರುವ ಸಾಫ್ಟ್‌ವೇರಿನವರು ಕೇಳುತ್ತಾರೆ. ನಾನು ತಿರುಗಿ ಕೇಳುವುದು ಒಂದೇ: ಹೆಡ್‌ಫೋನ್ ಯಾವುದು? ಅದನ್ನು ಕೇಳದೆ ಆಂಪ್ ಹೆಸರು ಹೇಳುವವರನ್ನು ಸುಮ್ನೆ ನಂಬಬೇಡಿ. ಎಷ್ಟೋ ಸಲ ಕೊನೆಗೆ ನನ್ನ ಉತ್ತರ "ಬೇಡ, ದುಡ್ಡು ಉಳಿಸಿ" ಅಂತಲೇ ಆಗಿರುತ್ತದೆ.

ಬ್ಲೂಟೂತ್ ಹೆಡ್‌ಫೋನ್ ಇಟ್ಟುಕೊಂಡು ಕೇಳುವವರದು ಬೇಗ ಮುಗಿಯುತ್ತದೆ. ಅದರೊಳಗೆ ಆಂಪ್, ಬ್ಯಾಟರಿ ಎಲ್ಲ ಇವೆ. ಹೊರಗಿನಿಂದ ಇನ್ನೊಂದು ಆಂಪ್ ಸೇರಿಸಲು ಅಲ್ಲಿ ಜಾಗವೇ ಇಲ್ಲ.

ವೈರಿನ ಹೆಡ್‌ಫೋನ್ ಆದರೆ ಮಾತಾಡೋಣ. ಫೈಲಿನಲ್ಲಿರುವ ಅಂಕಿಗಳನ್ನು ವಿದ್ಯುತ್ತಿನ ಅಲೆಯಾಗಿ ಮಾಡುವುದು ಡ್ಯಾಕ್. ಆ ಅಲೆಗೆ ಹೆಡ್‌ಫೋನಿನ ಪೊರೆ ಅಲುಗಾಡಿಸುವಷ್ಟು ತಾಕತ್ತು ಕೊಡುವುದು ಆಂಪ್. ಇವೆರಡೂ ನಿಮ್ಮ ಲ್ಯಾಪ್‌ಟಾಪಿನಲ್ಲಿ ಈಗಾಗಲೇ ಇವೆ. ಹಾಗಾಗಿ ನೋಡಬೇಕಾದ್ದು ಇಷ್ಟೇ: ಇರುವುದು ನಿಮ್ಮ ಹೆಡ್‌ಫೋನಿಗೆ ಸಾಲುತ್ತದಾ, ಇಲ್ಲವಾ?

ಇದಕ್ಕೆ ಪೆಟ್ಟಿಗೆಯ ಹಿಂದೆ ಬರೆದ ಎರಡು ಸಂಖ್ಯೆ ಬೇಕು. ಒಂದು ಇಂಪೀಡೆನ್ಸ್, ಅಂದರೆ ಕರೆಂಟಿಗೆ ಹೆಡ್‌ಫೋನ್ ಒಡ್ಡುವ ತಡೆ, ಓಮ್‌ನಲ್ಲಿ. ಇನ್ನೊಂದು ಸೆನ್ಸಿಟಿವಿಟಿ, ಅಂದರೆ 1 ಮಿಲಿವ್ಯಾಟ್ ಕೊಟ್ಟರೆ ಎಷ್ಟು ಡೆಸಿಬಲ್ ಸದ್ದು ಬರುತ್ತದೆ ಅನ್ನುವುದು. ಎಲ್ಲರೂ ಓಮ್ ಮಾತ್ರ ನೋಡುತ್ತಾರೆ. "32 ಓಮ್ ಅಲ್ವಾ, ಫೋನೇ ಸಾಕು", "250 ಓಮ್, ದೊಡ್ಡ ಆಂಪ್ ಬೇಕು" ಅಂತ ತೀರ್ಪು ಕೊಟ್ಟುಬಿಡುತ್ತಾರೆ. ಇದು ಅರ್ಧ ಲೆಕ್ಕ.

ಪೂರ್ತಿ ಲೆಕ್ಕ ಹೀಗೆ. ಹಾಡಿನಲ್ಲಿ ಮೃದಂಗದ ಏಟು, ಡ್ರಮ್ಮಿನ ಹೊಡೆತ ಬಂದಾಗ ಸದ್ದು ಒಂದು ಕ್ಷಣ ಸರಾಸರಿಗಿಂತ ಬಹಳ ಮೇಲೆ ಹೋಗುತ್ತದೆ. ಆ ಕ್ಷಣಕ್ಕೂ ಜಾಗ ಬೇಕು ಅಂತ ನಾನು 110 ಡೆಸಿಬಲ್ ಗುರಿ ಇಟ್ಟುಕೊಳ್ಳುತ್ತೇನೆ. ಅಷ್ಟು ಜೋರಾಗಿ ಕೇಳಿ ಅಂತಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಸರಾಸರಿ 80 ಡೆಸಿಬಲ್‌ನಲ್ಲಿ ವಾರಕ್ಕೆ 40 ಗಂಟೆ. ಇನ್ನು ಶಕ್ತಿಯ ಲೆಕ್ಕ: 3 ಡೆಸಿಬಲ್ ಏರಲು ಎರಡು ಪಟ್ಟು, 10 ಏರಲು ಹತ್ತು ಪಟ್ಟು.

ಆಡಿಯೊ ಟೆಕ್ನಿಕಾದ ಎಂ50ಎಕ್ಸ್ ತಗೊಳ್ಳಿ. 38 ಓಮ್, 99 ಡೆಸಿಬಲ್. 110 ಮುಟ್ಟಲು 11 ಡೆಸಿಬಲ್ ಬೇಕು. ಅಂದರೆ ಸುಮಾರು 13 ಮಿಲಿವ್ಯಾಟ್. ವೋಲ್ಟೇಜಿಗೆ ತಂದರೆ 0.7 ವೋಲ್ಟ್. ಇದನ್ನು ಎಷ್ಟೋ ಲ್ಯಾಪ್‌ಟಾಪುಗಳೇ ಕೊಡುತ್ತವೆ.

ಈಗ ಬೇಯರ್‌ಡೈನಾಮಿಕ್ ಡಿಟಿ 990 ಪ್ರೊ, 250 ಓಮಿನದು. ಸೆನ್ಸಿಟಿವಿಟಿ 96. 14 ಡೆಸಿಬಲ್ ಏರಬೇಕು, ಅಂದರೆ 25 ಮಿಲಿವ್ಯಾಟ್. ಶಕ್ತಿ ಅಂಥಾ ದೊಡ್ಡದೇನಲ್ಲ. ಆದರೆ 250 ಓಮ್ ಮೂಲಕ ಅದನ್ನು ತಳ್ಳಲು 2.5 ವೋಲ್ಟ್ ಬೇಕು. 1 ವೋಲ್ಟ್ ಕೊಡುವ ಲ್ಯಾಪ್‌ಟಾಪಿನಲ್ಲಿ ಇದು 102 ಡೆಸಿಬಲ್‌ಗೆ ನಿಂತುಬಿಡುತ್ತದೆ. ಸಿನಿಮಾ ಹಾಡು ಕೇಳಲು ತೊಂದರೆ ಇಲ್ಲ. ಸಣ್ಣ ದನಿಯಲ್ಲಿ ರೆಕಾರ್ಡ್ ಆದ ಸಂಗೀತ ಕಚೇರಿ ಹಾಕಿದಾಗ ವಾಲ್ಯೂಮ್ ಕೊನೆ ಮುಟ್ಟಿದರೂ ಸಾಲದು ಅನ್ನಿಸುತ್ತದೆ.

ಮೂರನೆಯದು ಜನರನ್ನು ಏಮಾರಿಸುವುದು. ಹೈಫೈಮ್ಯಾನ್‌ನ ಕಡಿಮೆ ಬೆಲೆಯ ಪ್ಲೇನರ್, ಅಂದರೆ ಚಪ್ಪಟೆ ಪೊರೆಯ, ಹೆಡ್‌ಫೋನುಗಳ ಥರದವು. 30 ಓಮ್ ಆಸುಪಾಸು, ಸೆನ್ಸಿಟಿವಿಟಿ 91ರ ಹತ್ತಿರ. ಓಮ್ ನೋಡಿದರೆ ಫೋನೇ ಸಾಕು ಅನ್ನಿಸುತ್ತದೆ. ಲೆಕ್ಕ ಹಾಕಿದರೆ 110ಕ್ಕೆ 80 ಮಿಲಿವ್ಯಾಟ್, 1.6 ವೋಲ್ಟ್, 50 ಮಿಲಿಆಂಪ್ ಬೇಕು. ಡಿಟಿ 990ಗೆ ಬೇಕಾದ್ದರ ಮೂರು ಪಟ್ಟು ಶಕ್ತಿ! ಇಲ್ಲಿ ಆಂಪ್ ನಿಜವಾಗಿ ಕೆಲಸ ಮಾಡುತ್ತದೆ.

ಒಂದು ಎಚ್ಚರ. ಕೆಲವು ಕಂಪನಿಗಳು ಸೆನ್ಸಿಟಿವಿಟಿಯನ್ನು ಮಿಲಿವ್ಯಾಟಿಗೆ ಹೇಳುತ್ತವೆ, ಕೆಲವು ವೋಲ್ಟಿಗೆ. ಅದೇ 32 ಓಮ್ ಹೆಡ್‌ಫೋನು ಮಿಲಿವ್ಯಾಟಿಗೆ 91 ಆದರೆ ವೋಲ್ಟಿಗೆ 106 ಅಂತ ಬರುತ್ತದೆ. ಸಂಖ್ಯೆ ದೊಡ್ಡದಾಗಿ ಕಂಡ ಮಾತ್ರಕ್ಕೆ ಹಿಗ್ಗಬೇಡಿ.

ಲೆಕ್ಕ ಬೇಡ ಅನ್ನುವವರಿಗೆ ಮನೆಯಲ್ಲೇ ಪರೀಕ್ಷೆ ಇದೆ. ನಿಮ್ಮಲ್ಲಿರುವುದರಲ್ಲಿ ತೀರಾ ಮೆಲುದನಿಯ ಹಾಡು ಹಾಕಿ. ವಿಂಡೋಸ್ ವಾಲ್ಯೂಮ್, ಆಪ್ ವಾಲ್ಯೂಮ್ ಎರಡೂ ನೋಡಿಕೊಳ್ಳಿ. 60–70ಕ್ಕೇ ಸಾಕು ಅನ್ನಿಸಿದರೆ ಆಂಪ್ ಬೇಕಿಲ್ಲ. 100ಕ್ಕೆ ಹೋಗಿಯೂ ಇನ್ನೂ ಬೇಕು ಅನ್ನಿಸಿದರೆ ಬೇಕು. 2021ರಿಂದ ಈಚೆಗಿನ 14, 16 ಇಂಚಿನ ಮ್ಯಾಕ್‌ಬುಕ್ ಪ್ರೊ ಇರುವವರಂತೂ ಜಾಸ್ತಿ ಓಮಿನ ಹೆಡ್‌ಫೋನಿಗೆ ಈ ಚಿಂತೆ ಬಿಡಿ. 150 ಓಮ್ ಅಥವಾ ಅದಕ್ಕಿಂತ ಜಾಸ್ತಿಯ ಹೆಡ್‌ಫೋನ್ ಸಿಕ್ಕಿಸಿದ್ದು ಅದಕ್ಕೇ ಗೊತ್ತಾಗಿ 3 ವೋಲ್ಟ್‌ವರೆಗೆ ಕೊಡುತ್ತದೆ.

ಸರಿ, ಬೇಕು ಅಂತಾಯಿತು. ಆಗಲೂ ನಾನು ಮೊದಲು ಹೇಳುವುದು ಮೇಜಿನ ಆಂಪ್ ಅಲ್ಲ, ಬೆರಳುದ್ದದ ಯುಎಸ್‌ಬಿ ಡಾಂಗಲ್. ಆಪಲ್‌ನದು ಸಾವಿರ ರೂಪಾಯಿ ಆಸುಪಾಸು. ಸುಮಾರು 1 ವೋಲ್ಟ್ ಕೊಡುತ್ತದೆ, ಸದ್ದು ಶುದ್ಧ. ಲ್ಯಾಪ್‌ಟಾಪಿನ ಜ್ಯಾಕಿನಲ್ಲಿ ಗೊರಗೊರ, ಇಲಿ ಕಿಚಗುಟ್ಟಿದಂಥ ಸದ್ದು ಬರುತ್ತಿದ್ದರೆ ಇದೊಂದರಲ್ಲೇ ಹೋಗುತ್ತದೆ. ಆದರೆ ಕೆಲವು ಆಂಡ್ರಾಯ್ಡ್ ಫೋನುಗಳಲ್ಲಿ ಇದರ ದನಿ ತೀರಾ ಸಣ್ಣ. ಕಂಪ್ಯೂಟರಿಗೆ ಆದರೆ ಕಣ್ಣು ಮುಚ್ಚಿ ತಗೊಳ್ಳಬಹುದು.

ಡಾಂಗಲ್ ಸಾಲದು ಅಂದರೆ ಡ್ಯಾಕು, ಆಂಪು ಎರಡೂ ಒಂದೇ ಡಬ್ಬಿಯಲ್ಲಿರುವುದು ತಗೊಳ್ಳಿ. ಫಿಯೊ, ಟಾಪಿಂಗ್, ಐಫೈ ಇವರೆಲ್ಲ ಮಾಡುತ್ತಾರೆ. ಬೇರೆ ಬೇರೆ ಡಬ್ಬಿ ತಗೊಂಡರೆ ಎರಡು ಅಡಾಪ್ಟರ್, ಜೊತೆಗೊಂದು ಕೇಬಲ್, ಮೇಜೆಲ್ಲ ವೈರು. ಮೊದಲ ಸಲಕ್ಕೆ ಯಾಕೆ ಅದೆಲ್ಲ? ಜಾಹೀರಾತಿನಲ್ಲಿ 32 ಬಿಟ್, 768 ಕಿಲೋಹರ್ಟ್ಸ್ ಅಂತ ದಪ್ಪಕ್ಷರದಲ್ಲಿ ಹಾಕಿರುತ್ತಾರೆ. ಡ್ಯಾಕ್ ಎಷ್ಟು ಸೂಕ್ಷ್ಮ ಅಂಕಿಗಳನ್ನು ಓದಬಲ್ಲದು ಅನ್ನುವ ಲೆಕ್ಕ ಅದು, ಮರುಳಾಗಬೇಡಿ. ಸಿಡಿ 16 ಬಿಟ್, 44.1 ಕಿಲೋಹರ್ಟ್ಸ್. ಕಿವಿಗೆ ಕೇಳುವ 20 ಕಿಲೋಹರ್ಟ್ಸ್‌ವರೆಗಿನದೆಲ್ಲ ಅದರಲ್ಲೇ ಹಿಡಿಸುತ್ತದೆ. ಬ್ಯಾಲೆನ್ಸ್ಡ್ ಜ್ಯಾಕ್ (ಎಡ ಬಲಕ್ಕೆ ಪೂರ್ತಿ ಬೇರೆ ಬೇರೆ ವೈರು ಹೋಗುವಂಥದ್ದು) ಇದೆ ಅಂತ ಮೂರು ಸಾವಿರ ಜಾಸ್ತಿ ಕೇಳಿದರೂ ಕೊಡಬೇಡಿ. ನೋಡಬೇಕಾದ್ದು ಎರಡು. ಔಟ್‌ಪುಟ್ ಇಂಪೀಡೆನ್ಸ್, ಅಂದರೆ ಆಂಪಿನ ಒಳಗಿನ ತಡೆ, 1 ಓಮ್ ಆಸುಪಾಸು ಇರಲಿ, ಮತ್ತೆ ಹೈ–ಲೋ ಗೇನ್ ಸ್ವಿಚ್ ಇರಲಿ.

ಗೇನ್ ಅಂದರೆ ಆಂಪ್ ಒಳಬಂದ ಅಲೆಯನ್ನು ಎಷ್ಟು ಪಟ್ಟು ಹಿಗ್ಗಿಸುತ್ತದೆ ಅನ್ನುವುದು. ಅದಕ್ಕೆ ಸ್ವಿಚ್ ಯಾಕೆ ಅಂತ ಹೇಳಿಬಿಡುತ್ತೇನೆ. ಕಡಿಮೆ ಬೆಲೆಯ ಆಂಪುಗಳಲ್ಲಿ ವಾಲ್ಯೂಮ್ ತಿರುಪು ಸಾಮಾನ್ಯವಾಗಿ ಸಣ್ಣ ಪೊಟೆನ್ಷಿಯೊಮೀಟರ್, ಅಂದರೆ ತಿರುಗಿಸಿದ ಹಾಗೆ ತಡೆ ಬದಲಾಗುವ ಬಿಡಿಭಾಗ. ಶುರುವಿನಲ್ಲಿ, ಗಡಿಯಾರದ ಮುಳ್ಳು ಎಂಟಕ್ಕೆ ಇರುವ ಜಾಗದಲ್ಲಿ, ಅದರ ಎಡ ಬಲ ಎರಡು ಪಟ್ಟಿಗಳೂ ಸಮ ಇರುವುದಿಲ್ಲ. ಹಾಡುಗಾರ ಒಂದು ಕಿವಿಯ ಕಡೆ ಸರಿದು ಕೂತ ಹಾಗೆ ಕೇಳುತ್ತದೆ. ಇನ್ನೂ ಕೆಳಗೆ ತಂದರೆ ಒಂದು ಕಡೆ ಪೂರ್ತಿ ಮಾಯ. ಹೆಡ್‌ಫೋನ್ ಕೆಟ್ಟಿದೆ ಅಂತ ಜನ ವಾಪಸ್ ಕಳಿಸುತ್ತಾರೆ. ಕೆಟ್ಟಿರುವುದು ಏನೂ ಇಲ್ಲ. ಲೋ ಗೇನ್‌ಗೆ ಹಾಕಿ, ತಿರುಪು ಹತ್ತು ಹನ್ನೊಂದರ ಕಡೆ ತನ್ನಿ. ಆಗಲೂ ಜೋರು ಅನ್ನಿಸಿದರೆ ಕಂಪ್ಯೂಟರಿನಲ್ಲಿ ಇಳಿಸಿ. ಕಿವಿಯೊಳಗೆ ಹಾಕುವ ಪುಟಾಣಿ ಇಯರ್‌ಫೋನಿಗೆ ವ್ಯಾಟುಗಟ್ಟಲೆ ಆಂಪ್ ತಗೊಳ್ಳುವುದು ಸಂಪಿನಿಂದ ನೀರೆತ್ತಲು ಬೋರ್‌ವೆಲ್ಲಿನ ಐದು ಎಚ್‌ಪಿ ಮೋಟರ್ ಇಳಿಸಿದ ಹಾಗೆ. ತಿರುಪು ಮುಟ್ಟಲೂ ಭಯ.

ಜಾಸ್ತಿ ದುಡ್ಡು ಕೊಟ್ಟರೆ ಸ್ವರ ಚೆನ್ನಾಗಿ ಬರುತ್ತದಾ ಅಂತಲೂ ಕೇಳುತ್ತಾರೆ. ಇದಕ್ಕೆ ಒಂದು ಹಳೆಯ ಕಥೆ ಇದೆ. 2011ರಲ್ಲಿ ನ್ವಾವ್‌ಗೈ ಅನ್ನುವ ಹೆಸರಿನಲ್ಲಿ, ತಾನು ಯಾರು ಅಂತ ಹೇಳಿಕೊಳ್ಳದ ಒಬ್ಬ ವ್ಯಕ್ತಿ ಒ2 ಅನ್ನುವ ಆಂಪಿನ ಪೂರ್ತಿ ನಕ್ಷೆಯನ್ನು ಎಲ್ಲರಿಗೂ ತೆರೆದಿಟ್ಟ. ಸಾಮಾನ್ಯ ಚಿಪ್ಪುಗಳು, ಬೇಕಾದರೆ ಎರಡು 9 ವೋಲ್ಟ್ ಬ್ಯಾಟರಿಯಲ್ಲೂ ಓಡುತ್ತದೆ. ಅಳತೆ ಮಾಡಿದರೆ ಬಹಳ ದುಬಾರಿ ಆಂಪುಗಳ ಪಕ್ಕ ನಿಲ್ಲುತ್ತಿತ್ತು. ಈಗ ಸಿಗುವ ಕಡಿಮೆ ಬೆಲೆಯ ಒಳ್ಳೆಯ ಆಂಪುಗಳು ಇನ್ನೂ ಶುದ್ಧ. ಹಾಗಾಗಿ ಸ್ವರ ಬದಲಾಗಬೇಕು ಅಂದರೆ ಹೆಡ್‌ಫೋನ್ ಬದಲಾಯಿಸಿ. ಹತ್ತು ಸಾವಿರ ಇದ್ದರೆ ಒಂಬತ್ತನ್ನು ಅಲ್ಲಿ ಹಾಕಿ, ಸಾವಿರದ್ದು ಡಾಂಗಲ್ ತಗೊಳ್ಳಿ. ಇದೇ ನನ್ನ ಶಿಫಾರಸು. ಹಳೆಯ ರೇಡಿಯೊಗಳಲ್ಲಿದ್ದಂಥ ಗಾಜಿನ ಟ್ಯೂಬ್ ಇಟ್ಟು, ಅದರ ಬುಡಕ್ಕೆ ಕಿತ್ತಳೆ ಬಣ್ಣದ ಎಲ್‌ಇಡಿ ಹಚ್ಚಿ ಮಾರುವ ಅಗ್ಗದ ಡಬ್ಬಿಗಳೂ ಇವೆ. ನೋಡಲು ಚೆಂದ. ಶೋಕೇಸಿಗೆ ಆಗುತ್ತದೆ.

ಇನ್ನು ಕರೆಂಟು. ಆಂಪ್ ಬಗ್ಗೆ ಗಂಟೆಗಟ್ಟಲೆ ಮಾತಾಡುವವರು ಗೋಡೆಯ ಸಾಕೆಟ್ಟಿನ ಬಗ್ಗೆ ಮಾತೇ ಆಡುವುದಿಲ್ಲ. "ಹೊಸ ಆಂಪಿನಲ್ಲಿ ಗುಂಯ್ ಅನ್ನುತ್ತೆ" ಅಂತ ದೂರು ಬಂದಾಗ ನಾನು ಮೊದಲು ಹೇಳುವುದು ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ನೋಡಿ ಅಂತ. ಸದ್ದು ನಿಂತರೆ ಆಂಪಿನ ತಪ್ಪಲ್ಲ. ಚಾರ್ಜರಿನಿಂದ ಸ್ವಲ್ಪ ಕರೆಂಟು ಲೋಹದ ಮೈಗೆ ಸೋರುತ್ತಿರುತ್ತದೆ. ಅದು ಅರ್ಥಿಂಗ್ ಮೂಲಕ ನೆಲಕ್ಕೆ ಹೋಗಬೇಕು. ಅರ್ಥಿಂಗ್ ಇಲ್ಲದಿದ್ದರೆ ಲ್ಯಾಪ್‌ಟಾಪ್ ಮುಟ್ಟಿದಾಗ ಜುಮ್ ಅನ್ನುತ್ತದೆ, ಆಂಪಿನ ತಿರುಪು ಮುಟ್ಟಿದರೆ ಗುಂಯ್ ಸದ್ದು ಕಮ್ಮಿ ಜಾಸ್ತಿ ಆಗುತ್ತದೆ. ನಮ್ಮೂರಿನ ಹಳೆಯ ಮನೆಗಳಲ್ಲಿ ಮೂರು ತೂತಿನ ಸಾಕೆಟ್ ಇದ್ದರೂ ಮೇಲಿನ ತೂತಿಗೆ ವೈರೇ ಇಲ್ಲದಿರುವುದು ಹೊಸತಲ್ಲ. ಎಲೆಕ್ಟ್ರಿಷಿಯನ್ ಕರೆದು ಫೇಸಿನಿಂದ ಅರ್ಥಿಗೆ 230 ವೋಲ್ಟ್ ಹತ್ತಿರ ಬರುತ್ತದಾ ನೋಡಿಸಿ. ಅರ್ಥಿಂಗ್ ಗುಂಡಿ ಇರುವ ಮನೆಯಾದರೆ ಬೇಸಿಗೆಯಲ್ಲಿ ಅದಕ್ಕೆ ಬಿಂದಿಗೆ ನೀರು ಹಾಕುವುದು ಮರೆಯಬೇಡಿ. ತುಮಕೂರಿನ ಈ ಒಣ ನೆಲದಲ್ಲಿ ಮಾರ್ಚ್ ಬಂದರೆ ಗುಂಡಿ ಬೇಗ ಒಣಗುತ್ತದೆ. ಒಣಗಿದ ಗುಂಡಿ ಇದ್ದೂ ಇಲ್ಲದ ಹಾಗೆ.

ಹಳೆಯ ಸ್ಕ್ವೇರ್ ವೇವ್ ಇನ್ವರ್ಟರ್ ಇರುವ ಮನೆಯಲ್ಲಿ ಕರೆಂಟು ಹೋದಾಗ ಟ್ರಾನ್ಸ್‌ಫಾರ್ಮರ್ ಇರುವ ಅಡಾಪ್ಟರ್ ಗುರ್ ಅನ್ನುತ್ತದೆ, ಬಿಸಿಯೂ ಆಗುತ್ತದೆ. ಯುಎಸ್‌ಬಿಯಿಂದಲೇ ಓಡುವ ಆಂಪಿಗೆ ಈ ರಗಳೆ ಇಲ್ಲ.

"ಅಮೆರಿಕದಿಂದ ಭಾವ ಬರ್ತಿದ್ದಾರೆ, ಅಲ್ಲಿಂದ ತರಿಸಲಾ?" ಅಂತಲೂ ಕೇಳುತ್ತಾರೆ. ತರಿಸಿ, ಆದರೆ ಅಡಾಪ್ಟರಿನ ಮೈ ಮೇಲಿನ ಸಣ್ಣಕ್ಷರ ಓದಿಸಿ. 100–240 ವೋಲ್ಟ್ ಅಂತಿದ್ದರೆ ಇಲ್ಲಿಗೂ ಆಗುತ್ತದೆ. ಬರೀ 120 ಅಂತಿದ್ದರೆ ಇಲ್ಲಿನ 230ಕ್ಕೆ ಹಾಕಿದ ಸ್ವಲ್ಪ ಹೊತ್ತಿಗೆ ಸುಟ್ಟ ವಾಸನೆ. ಇದರಲ್ಲಿ ಇನ್ನೊಂದು ಗುಟ್ಟಿದೆ. ಶೀಟ್ ಮ್ಯಾಗ್ನಿ, ಜೆಡಿಎಸ್ ಲ್ಯಾಬ್ಸ್ ಆಟಮ್ ಥರದ ಆಂಪುಗಳ ಅಡಾಪ್ಟರ್ ಹೊರಗೆ ಕೊಡುವುದೂ ಎಸಿಯೇ, ಡಿಸಿ ಅಲ್ಲ. ಪಿನ್ನು ಮಾತ್ರ ಸೆಟ್‌ಟಾಪ್ ಬಾಕ್ಸಿನ ಡಿಸಿ ಅಡಾಪ್ಟರಿನ ಥರವೇ ಕಾಣುತ್ತದೆ. ರಿಪೇರಿ ಅಂಗಡಿಯಲ್ಲಿ 15 ವೋಲ್ಟಿನದು ಅಂತ ಡಿಸಿ ಕೊಟ್ಟುಬಿಟ್ಟರೆ ಆಂಪ್ ಸರಿಯಾಗಿ ಓಡುವುದಿಲ್ಲ.

ಅಂಗಡಿಗೆ ಹೋಗಿ ಬರೀ ಆಂಪ್ಲಿಫೈಯರ್ ಅಂತ ಕೇಳಿದರೆ ಗಣೇಶನ ಪೆಂಡಾಲಿಗೆ ಇಡುವ ಆಹುಜಾ ತೋರಿಸುತ್ತಾರೆ. ಅವರ ತಪ್ಪಲ್ಲ, ಊರಿಗೆ ಬೇಕಾದ್ದು ಅದೇ. ಆ ಥರದ ಆಂಪಿನ ಹಿಂದಿನ ಸ್ಪೀಕರ್ ಟರ್ಮಿನಲ್‌ಗಳಲ್ಲಿ 100 ವೋಲ್ಟ್ ಲೈನ್, ಅಂದರೆ ದೂರದ ಸ್ಪೀಕರುಗಳಿಗೆ ಕಳಿಸುವ ಜಾಸ್ತಿ ವೋಲ್ಟೇಜು, ಇರುತ್ತದೆ. ಅಲ್ಲಿಗೆ ಪಿನ್ನು ಜೋಡಿಸಿ ಹೆಡ್‌ಫೋನ್ ಕೇಳುವ ಸಾಹಸ ಬೇಡ.

ಹಾಡುವವರು, ತಬಲಾ ನುಡಿಸುವವರು, ಮೈಕ್ ಇಟ್ಟು ವಿಡಿಯೊ ಮಾಡುವವರು ಹೆಡ್‌ಫೋನ್ ಆಂಪ್ ಬದಲು ಒಂದು ಆಡಿಯೊ ಇಂಟರ್‌ಫೇಸ್, ಅಂದರೆ ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಡಬ್ಬಿ, ತಗೊಳ್ಳಿ. ಫೋಕಸ್‌ರೈಟ್ ಸ್ಕಾರ್ಲೆಟ್ ಸೋಲೊ ಥರದ್ದು. ಮೈಕಿಗೂ ಆಯಿತು, ಅದರಲ್ಲೇ ಹೆಡ್‌ಫೋನ್ ಜ್ಯಾಕೂ ಇದೆ.

ಸೆಕೆಂಡ್ ಹ್ಯಾಂಡ್ ತಗೊಳ್ಳಬಹುದಾ? ಧಾರಾಳವಾಗಿ. ಕೊಳ್ಳುವ ಮೊದಲು ಹೆಡ್‌ಫೋನ್ ಹಾಕಿಕೊಂಡು ತಿರುಪನ್ನು ನಿಧಾನ ತಿರುಗಿಸಿ, ಕರಕರ ಅನ್ನಬಾರದು. ಪಿನ್ ಸಿಕ್ಕಿಸಿ ಸ್ವಲ್ಪ ಅಲುಗಾಡಿಸಿ, ಒಂದು ಕಡೆ ಸದ್ದು ತಪ್ಪಬಾರದು. ಹಾಡು ನಿಲ್ಲಿಸಿ, ವಾಲ್ಯೂಮ್ ಪೂರ್ತಿ ಏರಿಸಿ ಕೇಳಿ, ಗುಂಯ್ ಇರಬಾರದು. ಹಾಡು ಮತ್ತೆ ಹಾಕುವ ಮೊದಲು ವಾಲ್ಯೂಮ್ ಇಳಿಸುವುದು ನೆನಪಿರಲಿ. ಆಂಪ್ ಜೊತೆ ಬಂದ ಅಡಾಪ್ಟರೇ ಕೊಡಬೇಕು. "ಅಡಾಪ್ಟರ್ ಕಳೆದೋಗಿದೆ, ಐನೂರು ಕಮ್ಮಿ ಮಾಡ್ಕೊಳ್ಳಿ" ಅಂದರೆ ಬೇರೆಯದು ಹುಡುಕಿ.